ತೊಂದರೆ ಯಾರ ಕಡೆಯದು ಎಂದು ತೋರಿಸಿಕೊಡುವ ಕರ್ಲ್

ತಂತ್ರಾಂಶ ಕ್ಷೇತ್ರದಲ್ಲಿ ದುಡಿಯುವವರ ಸಮಯವನ್ನು ಎಲ್ಲಕ್ಕಿಂತ ಹೆಚ್ಚಾಗಿ ತಿಂದುಹಾಕುವುದು ‘ನಮ್ಮ ಕಡೆಯಿಂದ ಎಲ್ಲವೂ ಸರಿಯಾಗಿದೆ’ ಎಂಬ ಒಂದು ವಾಕ್ಯ. ನಾವು ಬರೆದ ಪ್ರೋಗ್ರಾಂ ಇನ್ನೊಬ್ಬರ ಸರ್ವರ್ ಜೊತೆ ಮಾತನಾಡಬೇಕಾದಲ್ಲಿ ಮಾತು ನಿಂತುಹೋಗುತ್ತದೆ, ಬಳಕೆದಾರರು ನಮ್ಮನ್ನು ದೂರುತ್ತಾರೆ, ಮೇಲಿನವರು ಯಾವಾಗ ಸರಿಹೋಗುತ್ತದೆ ಎಂದು ಗಂಟೆಗೊಮ್ಮೆ ಕೇಳುತ್ತಾರೆ, ಆ ಬದಿಯವರಿಗೆ ಬರೆದರೆ ಈ ವಾಕ್ಯ ಮರಳಿ ಬರುತ್ತದೆ. ಅಂಥ ಹೊತ್ತಿನಲ್ಲಿ ಊಹೆಗಳನ್ನು ಬದಿಗಿಟ್ಟು ನಡೆದದ್ದನ್ನು ನಡೆದಂತೆಯೇ ತೋರಿಸುವ ಉಪಕರಣವೆಂದು ನಾನು ಹನ್ನೆರಡು ವರ್ಷಗಳಿಂದ ನೆಚ್ಚಿಕೊಂಡಿರುವುದು ಕರ್ಲ್ ಅನ್ನು. ಅದನ್ನು ಒಂದು ಉತ್ಪನ್ನವೆಂದು ಎಣಿಸಿ ವಿಮರ್ಶೆ ಬರೆಯುವವರು ಕಡಿಮೆ. ಅದು ಕಂಪ್ಯೂಟರ್ ಜೊತೆಗೇ ಬಂದಿರುತ್ತದೆ, ಅದಕ್ಕಾಗಿ ಯಾರೂ ಹಣ ಕೊಟ್ಟಿರುವುದಿಲ್ಲ, ಹೀಗಾಗಿ ಅದರ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. ಬೀಳಬೇಕು ಎಂಬುದು ನನ್ನ ಅಭಿಪ್ರಾಯ.

ಪರಿಚಯವಿಲ್ಲದವರಿಗೆ ಹೇಳುವುದಾದರೆ, ಕರ್ಲ್ ಎಂಬುದು ಟರ್ಮಿನಲ್‌ನಲ್ಲಿ ಟೈಪ್ ಮಾಡಿ ಓಡಿಸುವ ಒಂದು ಕಮಾಂಡ್. ಅದಕ್ಕೊಂದು ವಿಳಾಸ ಕೊಟ್ಟರೆ ಅಲ್ಲಿಂದ ಮಾಹಿತಿಯನ್ನು ತಂದು ಮುಂದಿಡುತ್ತದೆ, ಕಳಿಸು ಎಂದರೆ ಕಳಿಸುತ್ತದೆ. ವೆಬ್ ಪುಟ ಸಾಗಿಸುವ ಎಚ್‌ಟಿಟಿಪಿ, ಫೈಲ್ ಸಾಗಿಸುವ ಎಫ್‌ಟಿಪಿ, ಇಮೇಲ್ ಸಾಗಿಸುವ ಎಸ್‌ಎಂಟಿಪಿ ಸೇರಿದಂತೆ ಇಪ್ಪತ್ತೈದಕ್ಕೂ ಹೆಚ್ಚು ಪ್ರೋಟೋಕಾಲ್‌ಗಳು, ಅಂದರೆ ಕಂಪ್ಯೂಟರ್‌ಗಳು ಪರಸ್ಪರ ಮಾತನಾಡುವ ನಿಯಮಗಳು, ಅದಕ್ಕೆ ಗೊತ್ತು. ಒತ್ತಲು ಗುಂಡಿಗಳಿಲ್ಲ, ತೆರೆದುಕೊಳ್ಳುವ ವಿಂಡೋ ಇಲ್ಲ. ರಫಾಯೆಲ್ ಸಗೂಲಾ ಎಂಬವರು ಬರೆದಿದ್ದ ಎಚ್‌ಟಿಟಿಪಿಗೆಟ್ ಎಂಬ ಪುಟ್ಟ ಪ್ರೋಗ್ರಾಂ ಅನ್ನು ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಅವರು 1996ರಲ್ಲಿ, ತಮ್ಮ ಚಾಟ್ ಬಾಟ್‌ಗೆ ನಾಣ್ಯ ವಿನಿಮಯ ದರಗಳನ್ನು ತರಿಸಿಕೊಳ್ಳುವ ಸಲುವಾಗಿ ಕೈಗೆತ್ತಿಕೊಂಡರು. ಅದು ಬೆಳೆದು, ಹೆಸರು ಬದಲಿಸಿಕೊಂಡು, 1998ರ ಮಾರ್ಚ್ 20ರಂದು ಕರ್ಲ್ ಎಂಬ ಹೆಸರಿನಲ್ಲಿ ಹೊರಬಂತು. 2000ದಲ್ಲಿ ಅದರ ಒಳತಿರುಳನ್ನು ಬೇರೆ ಪ್ರೋಗ್ರಾಂಗಳೂ ಬಳಸುವಂತೆ ಲಿಬ್‌ಕರ್ಲ್ ಎಂಬ ಲೈಬ್ರರಿಯಾಗಿ ಬಿಡುಗಡೆ ಮಾಡಲಾಯಿತು. ಫೋನು, ಟಿವಿ, ಕಾರು, ಗೇಮ್ ಕನ್ಸೋಲ್ ಮುಂತಾದವುಗಳ ಒಳಗೆ ಕೂತು ಕೆಲಸ ಮಾಡುತ್ತಿರುವುದು ಈ ಲೈಬ್ರರಿಯೇ.

ಈ ಉಪಕರಣದ ಬೆಲೆ ನನಗೆ ಪೂರ್ತಿಯಾಗಿ ಮನವರಿಕೆಯಾದದ್ದು ಒಂದು ಸರ್ಟಿಫಿಕೇಟ್ ತೊಂದರೆಯಲ್ಲಿ. ಸರ್ವರ್ ತಾನು ಯಾರೆಂದು ಸಾಬೀತುಪಡಿಸಲು ತೋರಿಸುವ, ನಿಗದಿತ ಅವಧಿಯ ಗುರುತುಪತ್ರವೇ ಸರ್ಟಿಫಿಕೇಟ್. ನಮ್ಮ ಪ್ರೋಗ್ರಾಂ ಹೊರಗಿನ ಒಂದು ಸಂಸ್ಥೆಯ ಸೇವೆಯನ್ನು ಅವಲಂಬಿಸಿತ್ತು. ಒಂದು ಬೆಳಗ್ಗೆ ನೋಡಿದರೆ ರಾತ್ರಿಯಿಂದ ಸುಮಾರು ನಾಲ್ಕರಲ್ಲಿ ಒಂದು ಕೋರಿಕೆ ವಿಫಲವಾಗುತ್ತಿತ್ತು. ಉಳಿದ ಮೂರು ಏನೂ ಆಗದಂತೆ ಸಲೀಸಾಗಿ ಹೋಗುತ್ತಿದ್ದವು. ಪೂರ್ತಿ ಕೆಟ್ಟುನಿಂತ ಸೇವೆಗಿಂತ ಆಗೊಮ್ಮೆ ಈಗೊಮ್ಮೆ ಕೆಡುವ ಸೇವೆ ಹೆಚ್ಚು ಕಾಡುತ್ತದೆ, ಏಕೆಂದರೆ ಯಾರು ಪರೀಕ್ಷಿಸಿದರೂ ಅವರ ಪರೀಕ್ಷೆ ಪಾಸಾಗುವ ಸಂಭವವೇ ಹೆಚ್ಚು. ಆ ಸಂಸ್ಥೆಗೆ ಬರೆದೆವು. ‘ನಾವು ಬ್ರೌಸರ್‌ನಲ್ಲಿ ತೆರೆದು ನೋಡಿದೆವು, ತೆರೆಯುತ್ತಿದೆ, ದಯವಿಟ್ಟು ನಿಮ್ಮ ಕಡೆ ಪರಿಶೀಲಿಸಿ’ ಎಂದು ಉತ್ತರ ಬಂತು. ನಮ್ಮ ತಂಡದೊಳಗೂ ಹಿಂದಿನ ವಾರ ನಾವು ಮಾಡಿದ್ದ ಬದಲಾವಣೆಯ ಮೇಲೆಯೇ ಅನುಮಾನ ಹುಟ್ಟಿಕೊಂಡಿತು.

ನಾನು ಕರ್ಲ್ ಅನ್ನು ವರ್ಬೋಸ್ ಆಯ್ಕೆಯೊಂದಿಗೆ ಓಡಿಸಿದೆ. ಆ ಆಯ್ಕೆ ಕೊಟ್ಟಾಗ ಅದು ಸಂಭಾಷಣೆಯನ್ನು ಸಾಲು ಸಾಲಾಗಿ ಬಿಚ್ಚಿಡುತ್ತದೆ. ನಕ್ಷತ್ರ ಚಿಹ್ನೆಯಿಂದ ಶುರುವಾಗುವ ಸಾಲು ಕರ್ಲ್ ತಾನೇ ಹೇಳುವ ಮಾತು, ಬಲಕ್ಕೆ ಮೊನೆಯಿರುವ ಬಾಣದ ಸಾಲು ನಾವು ಕಳಿಸಿದ್ದು, ಎಡಕ್ಕೆ ಮೊನೆಯಿರುವುದು ಆ ಕಡೆಯಿಂದ ಬಂದದ್ದು. ಮೊದಲ ಸಾಲುಗಳಲ್ಲೇ ಆ ಸೇವೆಯ ಒಂದು ಹೆಸರಿಗೆ ನಾಲ್ಕು ಐಪಿ ವಿಳಾಸಗಳಿರುವುದು, ಅಂದರೆ ಯಂತ್ರಗಳನ್ನು ಗುರುತಿಸುವ ನಾಲ್ಕು ಸಂಖ್ಯಾ ವಿಳಾಸಗಳಿರುವುದು, ಕಂಡಿತು. ಒಂದೇ ಹೆಸರಿನ ಹಿಂದೆ ನಾಲ್ಕು ಸರ್ವರ್‌ಗಳು, ನಾಲ್ಕರಲ್ಲಿ ಒಂದು ವೈಫಲ್ಯ. ಸುಳಿವು ಅಲ್ಲೇ ಇತ್ತು.

ಕರ್ಲ್‌ನಲ್ಲಿ ‘ರಿಸಾಲ್ವ್’ ಎಂಬ ಆಯ್ಕೆಯಿದೆ. ಈ ಹೆಸರಿಗೆ ನಾನು ಹೇಳಿದ ಐಪಿಯನ್ನೇ ಬಳಸು ಎಂದು ಅದರ ಮೂಲಕ ಕಟ್ಟುಹಾಕಬಹುದು. ವೆಬ್ ವಿಳಾಸದ ಜಾಗದಲ್ಲಿ ನೇರವಾಗಿ ಐಪಿಯನ್ನೇ ಬರೆದರೆ ಸರ್ಟಿಫಿಕೇಟ್‌ನಲ್ಲಿರುವ ಹೆಸರು ಹೊಂದಿಕೆಯಾಗದೆ ಬೇರೆಯದೇ ದೋಷ ಬರುತ್ತದೆ, ಅದರಿಂದ ಏನೂ ಸಾಬೀತಾಗುವುದಿಲ್ಲ. ರಿಸಾಲ್ವ್ ಬಳಸಿದಾಗ ಹೆಸರು ಹೆಸರಾಗಿಯೇ ಉಳಿದು, ಹೋಗಿ ಮುಟ್ಟುವ ಯಂತ್ರ ಮಾತ್ರ ನಾವು ಆರಿಸಿದ್ದಾಗುತ್ತದೆ. ನಾಲ್ಕೂ ವಿಳಾಸಗಳಿಗೆ ಒಂದೊಂದಾಗಿ ಕೋರಿಕೆ ಕಳಿಸಿದೆ. ಒಂದು, ಎರಡು, ನಾಲ್ಕು ಸರಿಯಾಗಿದ್ದವು. ಮೂರನೆಯದರಲ್ಲಿ ಸರ್ಟಿಫಿಕೇಟ್ ಅವಧಿ ಮುಗಿದಿದೆ ಎಂದು ಹೇಳಿ ಕರ್ಲ್ 60 ಎಂಬ ನಿರ್ಗಮನ ಸಂಖ್ಯೆಯೊಂದಿಗೆ ನಿಂತಿತು. ಕೆಲಸ ಹೇಗೆ ಮುಗಿಯಿತು ಎಂದು ಪ್ರೋಗ್ರಾಂ ಹೇಳಿಹೋಗುವ ಸಂಖ್ಯೆ ಇದು, ಸೊನ್ನೆಯೆಂದರೆ ಯಶಸ್ಸು. ಪರಿಶೀಲನೆಯನ್ನು ಬದಿಗಿಡುವ ‘ಇನ್‌ಸೆಕ್ಯೂರ್’ ಆಯ್ಕೆಯನ್ನು ಆ ಒಂದು ಸಲಕ್ಕೆ ಮಾತ್ರ ಕೊಟ್ಟು ದಿನಾಂಕ ಓದಿದೆ. ಹಿಂದಿನ ರಾತ್ರಿ 11 ಗಂಟೆ 59 ನಿಮಿಷ 59 ಸೆಕೆಂಡಿಗೆ ಅದರ ಆಯುಸ್ಸು ಮುಗಿದಿತ್ತು. ಉಳಿದ ಮೂರು ಯಂತ್ರಗಳಿಗೆ ಹೊಸ ಸರ್ಟಿಫಿಕೇಟ್ ಹಾಕಿದವರು ಇದೊಂದನ್ನು ಮರೆತಿದ್ದರು.

ನಾಲ್ಕೂ ಕಮಾಂಡ್‌ಗಳನ್ನು, ಅವುಗಳ ಫಲಿತಾಂಶವನ್ನು, ಕೆಟ್ಟ ಯಂತ್ರದ ವಿಳಾಸವನ್ನು, ಅವಧಿ ಮುಗಿದ ಕ್ಷಣವನ್ನು ಒಂದೇ ಪುಟದಲ್ಲಿ ಬರೆದು, ಆ ಸಂಸ್ಥೆಯಲ್ಲಿ ನಾವು ದಾಖಲಿಸಿದ್ದ ದೂರಿಗೆ, ಅಂದರೆ ಟಿಕೆಟ್‌ಗೆ, ಸೇರಿಸಿದೆ. ಓದಿದವರು ಐದು ನಿಮಿಷದಲ್ಲಿ ಸರಿಪಡಿಸಬಹುದಾಗಿತ್ತು. ಎರಡು ದಿನದ ಮೇಲೆ ಉತ್ತರ ಬಂತು: ಬ್ರೌಸರ್‌ನ ಕ್ಯಾಶ್ ತೆರವು ಮಾಡಿ ಮತ್ತೊಮ್ಮೆ ಪ್ರಯತ್ನಿಸಿ. ನಮ್ಮ ಪ್ರೋಗ್ರಾಂನಲ್ಲಿ ಬ್ರೌಸರ್ ಎಂಬುದೇ ಇರಲಿಲ್ಲ, ಅದನ್ನು ಮೊದಲ ಸಾಲಿನಲ್ಲೇ ಬರೆದಿದ್ದೆ. ನಾಲ್ಕನೆಯ ದಿನ ವೈಫಲ್ಯಗಳು ತಾವಾಗಿಯೇ ನಿಂತವು. ಕರ್ಲ್ ಓಡಿಸಿ ನೋಡಿದರೆ ಮೂರನೆಯ ಯಂತ್ರದಲ್ಲಿ ಹೊಸ ಸರ್ಟಿಫಿಕೇಟ್ ಇತ್ತು. ಯಾರೂ ಏನೂ ತಿಳಿಸಲಿಲ್ಲ. ವಾರದ ನಂತರ, ಗ್ರಾಹಕರಿಂದ ಪ್ರತಿಕ್ರಿಯೆ ಬಾರದ ಕಾರಣ ಟಿಕೆಟ್ ಮುಚ್ಚಲಾಗಿದೆ ಎಂಬ ಸ್ವಯಂಚಾಲಿತ ಸಂದೇಶ ಬಂತು. ಆ ನಾಲ್ಕು ದಿನ ನಮ್ಮ ಬಳಕೆದಾರರು ಅನುಭವಿಸಿದ ತೊಂದರೆಗೆ ಯಾರ ಲೆಕ್ಕದಲ್ಲಿಯೂ ಜಾಗವಿಲ್ಲ ಎಂಬುದು ನನಗೆ ಇಂದಿಗೂ ನೋವಿನ ವಿಷಯ. ಆದರೂ ನಮ್ಮ ತಂಡದೊಳಗಿನ ಅನುಮಾನ ಮೊದಲ ದಿನವೇ ಬಗೆಹರಿಯಿತು, ಕಾರಣವಿಲ್ಲದೆ ಒಬ್ಬ ಸಹೋದ್ಯೋಗಿಯ ಒಳ್ಳೆಯ ಕೆಲಸವನ್ನು ಹಿಂತೆಗೆಯುವುದು ತಪ್ಪಿತು.

ಸಮಯ ಅಳೆಯುವುದರಲ್ಲಿಯೂ ಈ ಉಪಕರಣ ಅಷ್ಟೇ ನೇರ. ‘ರೈಟ್‌ಔಟ್’ ಆಯ್ಕೆಯಲ್ಲಿ ಕೇಳಿದರೆ ಹೆಸರಿಗೆ ವಿಳಾಸ ಸಿಗಲು, ಸಂಪರ್ಕ ಕೂಡಲು, ಮಾಹಿತಿಯನ್ನು ಗುಪ್ತವಾಗಿ ಸಾಗಿಸುವ ಟಿಎಲ್‌ಎಸ್ ಒಪ್ಪಂದ ಮುಗಿಯಲು, ಮೊದಲ ಬೈಟ್ ಬರಲು ಎಷ್ಟೆಷ್ಟು ಹೊತ್ತಾಯಿತು ಎಂದು ಪ್ರತ್ಯೇಕವಾಗಿ ಹೇಳುತ್ತದೆ. ಇವೆಲ್ಲ ಆರಂಭದಿಂದ ಎಣಿಸಿದ ಸಮಯಗಳು, ಹಾಗಾಗಿ ಒಂದೊಂದು ಹಂತದ ಪಾಲು ತಿಳಿಯಲು ಹಿಂದಿನದನ್ನು ಕಳೆಯಬೇಕು. ಸೇವೆಯೊಂದು ನಿಧಾನವಾಗಿದೆ, ನಮ್ಮ ನೆಟ್‌ವರ್ಕ್ ಸರಿಯಿಲ್ಲ ಎಂದು ವಾದ ನಡೆಯುತ್ತಿದ್ದ ಒಂದು ಸಭೆಯಲ್ಲಿ ನಾನು ಇಟ್ಟ ಸಂಖ್ಯೆಗಳು ಹೀಗಿದ್ದವು: ವಿಳಾಸ ಸಿಕ್ಕಿದ್ದು 0.004 ಸೆಕೆಂಡಿಗೆ, ಸಂಪರ್ಕ 0.031ಕ್ಕೆ, ಟಿಎಲ್‌ಎಸ್ 0.094ಕ್ಕೆ, ಮೊದಲ ಬೈಟ್ 29.6 ಸೆಕೆಂಡಿಗೆ. ದಾರಿ ಕ್ರಮಿಸಲು ಸೆಕೆಂಡಿನ ಹತ್ತನೇ ಒಂದು ಪಾಲೂ ಬೇಕಾಗಿರಲಿಲ್ಲ. ಉಳಿದ ಹೊತ್ತೆಲ್ಲ ಆ ಬದಿಯ ಪ್ರೋಗ್ರಾಂ ಉತ್ತರ ಸಿದ್ಧಮಾಡುವುದರಲ್ಲಿ ಕಳೆದಿತ್ತು. ಅಲ್ಲಿಗೆ ನೆಟ್‌ವರ್ಕ್‌ನ ಮಾತು ನಿಂತಿತು. ಇಂಥ ಸಣ್ಣ ಅಳತೆಗಳನ್ನು ಗಂಭೀರವಾಗಿ ಕಾಣುವವರಿಂದಲೇ ದೊಡ್ಡ ಅನಾಹುತಗಳೂ ತಪ್ಪಿವೆ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಕಂಪ್ರೆಷನ್ ತಂತ್ರಾಂಶದೊಳಗೆ ಯಾರೋ ಹುದುಗಿಸಿಟ್ಟಿದ್ದ ಕಳ್ಳದಾರಿ ಬಯಲಾದದ್ದು, ದೂರದ ಯಂತ್ರದೊಳಗೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆ ಎಂಬುದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಡೆವಲಪರ್ ಗಮನಿಸಿ, ಕಾರಣ ಸಿಗುವವರೆಗೆ ಬಿಡದೆ ಹುಡುಕಿದ್ದರಿಂದ.

ಇನ್ನು ಕೊರತೆಗಳು. ಕರ್ಲ್‌ನ ಹುಟ್ಟುಗುಣಗಳಲ್ಲಿ ಕೆಲವು ಇಂದಿನ ಕೆಲಸಕ್ಕೆ ಒಗ್ಗುವುದಿಲ್ಲ. ಸರ್ವರ್ 404 ಅಥವಾ 500 ಎಂದು ದೋಷ ಹೇಳಿದರೂ ಕರ್ಲ್ ತನ್ನ ಪಾಲಿನ ಕೆಲಸ ಯಶಸ್ವಿ ಎಂದೇ ಪರಿಗಣಿಸಿ ಸೊನ್ನೆಯೊಂದಿಗೆ ಮುಗಿಸುತ್ತದೆ. ಉತ್ತರ ತಂದುಕೊಡುವುದಷ್ಟೇ ಅದರ ಹೊಣೆ, ಉತ್ತರದ ಗುಣ ಅಳೆಯುವುದಲ್ಲ ಎಂಬ ತರ್ಕ ನನಗೆ ಅರ್ಥವಾಗುತ್ತದೆ. ಆದರೆ ರಾತ್ರಿ ತಾನಾಗಿ ಓಡುವ ಸ್ಕ್ರಿಪ್ಟ್‌ನಲ್ಲಿ ದೋಷದ ಪುಟವೇ ಮಾಹಿತಿಯ ಫೈಲ್ ಆಗಿ ಉಳಿದುಕೊಳ್ಳುವ ಅಪಾಯ ಇದರಿಂದ ಹುಟ್ಟುತ್ತದೆ, ‘ಫೇಲ್’ ಆಯ್ಕೆ ಸೇರಿಸಲು ನೆನಪಿಟ್ಟುಕೊಂಡವರು ಮಾತ್ರ ಪಾರಾಗುತ್ತಾರೆ. ಹಾಗೆಯೇ, ಇಡೀ ಕೆಲಸಕ್ಕೆ ಇಷ್ಟೇ ಸಮಯ ಎಂಬ ಮಿತಿ ತಾನಾಗಿ ಇರುವುದಿಲ್ಲ. ಆ ಬದಿ ಸಂಪರ್ಕ ಕೊಟ್ಟು ಸುಮ್ಮನಾದರೆ ಕರ್ಲ್ ಕಾಯುತ್ತಲೇ ಇರುತ್ತದೆ. ಗರಿಷ್ಠ ಸಮಯವನ್ನು ನಾವೇ ಹೇಳಿದಾಗ, ಮೀರಿದೊಡನೆ 28 ಎಂಬ ಸಂಖ್ಯೆ ಕೊಟ್ಟು ಹೊರಬರುತ್ತದೆ. ಮರುಪ್ರಯತ್ನದ ಆಯ್ಕೆ ಚೆನ್ನಾಗಿದೆ: ಮೊದಲು ಒಂದು ಸೆಕೆಂಡು ಕಾದು, ಪ್ರತಿ ಸಲವೂ ಕಾಯುವ ಹೊತ್ತನ್ನು ಇಮ್ಮಡಿಸುತ್ತ ಹೋಗುತ್ತದೆ, ಸೋತು ಕುಳಿತ ಸರ್ವರ್ ಮೇಲೆ ಒಂದೇ ಸಮನೆ ಬೀಳುವುದಿಲ್ಲ.

ಆಯ್ಕೆಗಳ ಸಂಖ್ಯೆ 250 ದಾಟಿದೆ. ಹೊಸಬರಿಗೆ ಇದು ಕಾಡಿನಂತೆ ಕಾಣುವುದು ಸಹಜ, ಒಂದಕ್ಷರದ ಕಿರುರೂಪಗಳಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಅರ್ಥ ಬೇರೆಬೇರೆಯಾಗಿರುವುದು ಗೊಂದಲವನ್ನು ಹೆಚ್ಚಿಸುತ್ತದೆ. ಸ್ಕ್ರಿಪ್ಟ್‌ಗಳಲ್ಲಿ ಪೂರ್ಣ ಹೆಸರುಗಳನ್ನೇ ಬರೆಯಿರಿ ಎಂದು ನನ್ನ ತಂಡದವರಿಗೆ ಹೇಳುತ್ತೇನೆ, ಆರು ತಿಂಗಳ ನಂತರ ಓದುವವರಿಗೆ ಅದು ಉಪಕಾರ. 2022ರಲ್ಲಿ ಬಂದ ‘ಜೇಸನ್’ ಆಯ್ಕೆಯಿಂದ, ಆ ಹೆಸರಿನ ಪಠ್ಯರೂಪದಲ್ಲಿ ಮಾಹಿತಿ ಕಳಿಸಲು ಮೂರು ಆಯ್ಕೆಗಳನ್ನು ಸೇರಿಸಿ ಬರೆಯುತ್ತಿದ್ದ ಕೆಲಸ ಒಂದರಲ್ಲೇ ಆಗುತ್ತದೆ. ಇಡೀ ತಾಣವನ್ನು ಕೊಂಡಿ ಹಿಡಿದು ಇಳಿಸಿಕೊಳ್ಳಬೇಕಾದವರಿಗೆ ಡಬ್ಲ್ಯೂಗೆಟ್ ಎಂಬ ಇನ್ನೊಂದು ಕಮಾಂಡ್ ಹೆಚ್ಚು ಸೂಕ್ತ, ಕರ್ಲ್ ಆ ಕೆಲಸ ಮಾಡುವುದಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಬ್ರೌಸರ್‌ಗಳ ಡೆವಲಪರ್ ಟೂಲ್ಸ್‌ನಲ್ಲಿ ಯಾವುದೇ ಕೋರಿಕೆಯನ್ನು ಕರ್ಲ್ ಕಮಾಂಡ್ ಆಗಿ ಕಾಪಿ ಮಾಡುವ ಸೌಲಭ್ಯವಿದೆ. ತೊಂದರೆಯನ್ನು ಇನ್ನೊಬ್ಬರಿಗೆ ತೋರಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಆದರೆ ಹಾಗೆ ಕಾಪಿಯಾದ ಸಾಲುಗಳಲ್ಲಿ ನಿಮ್ಮ ಕುಕೀಗಳು, ಲಾಗಿನ್ ಟೋಕನ್‌ಗಳು ಸೇರಿಕೊಂಡಿರುತ್ತವೆ. ಅದನ್ನು ಹಾಗೆಯೇ ಟಿಕೆಟ್‌ನಲ್ಲಿ ಅಂಟಿಸಿದರೆ ಓದಿದವರೆಲ್ಲರ ಕೈಗೆ ನಿಮ್ಮ ಖಾತೆಯ ಕೀಲಿ ಕೊಟ್ಟಂತೆ. ಅನುಭವಸ್ಥರೂ ಅವಸರದಲ್ಲಿ ಇದನ್ನು ಮಾಡುವುದನ್ನು ಕಂಡಿದ್ದೇನೆ. ಇನ್‌ಸೆಕ್ಯೂರ್ ಆಯ್ಕೆಯನ್ನು ಶಾಶ್ವತ ಪರಿಹಾರವಾಗಿ ಸ್ಕ್ರಿಪ್ಟ್‌ನಲ್ಲಿ ಬಿಟ್ಟುಬಿಡುವುದೂ ಅದೇ ಬಗೆಯ ತಪ್ಪು, ಆಮೇಲೆ ನಡುವೆ ಯಾರು ಕೂತು ಓದಿದರೂ ನಮಗೆ ತಿಳಿಯುವುದಿಲ್ಲ.

ಉಪಕರಣದ ಗುಣದಷ್ಟೇ ಮುಖ್ಯವಾಗಿ ನೋಡಬೇಕಾದದ್ದು ಅದರ ಹಿಂದಿರುವ ಜನರನ್ನು ಲೋಕ ಹೇಗೆ ನಡೆಸಿಕೊಂಡಿದೆ ಎಂಬುದನ್ನು. ಕರ್ಲ್ ಯೋಜನೆಯ ಸ್ವಂತ ಅಂದಾಜಿನಂತೆ ಜಗತ್ತಿನಲ್ಲಿ ಅದರ ಪ್ರತಿಗಳು 20 ಶತಕೋಟಿಗೂ ಹೆಚ್ಚಿವೆ. 2018ರಿಂದ ವಿಂಡೋಸ್ 10ರ ಜೊತೆಗೂ ಅದು ಬರುತ್ತಿದೆ. 2021ರಲ್ಲಿ ಮಂಗಳ ಗ್ರಹದಲ್ಲಿ ಹಾರಿದ ಇಂಜೆನ್ಯುಯಿಟಿ ಹೆಲಿಕಾಪ್ಟರ್‌ಗೆ ನೆರವಾದ ಮುಕ್ತ ತಂತ್ರಾಂಶಗಳ ಪಟ್ಟಿಯಲ್ಲಿ ಅದರ ಹೆಸರಿತ್ತು. ಸ್ಟೆನ್‌ಬರ್ಗ್ ಅವರಿಗೆ 2017ರಲ್ಲಿ ಸ್ವೀಡನ್ನಿನ ಪೋಲ್ಹೆಮ್ ಪ್ರಶಸ್ತಿ ಸಂದಿತು. ಆದರೂ ಕರ್ಲ್‌ನ ಕೆಲಸವೇ ಅವರ ಪೂರ್ಣಾವಧಿ ಉದ್ಯೋಗವಾದದ್ದು 2019ರಲ್ಲಿ, ಅಂದರೆ ಮೊದಲ ಬಿಡುಗಡೆಯಾಗಿ ಇಪ್ಪತ್ತು ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ಅದರ ಬಹುಪಾಲು ಕೆಲಸ ಸಂಜೆ, ರಾತ್ರಿಗಳ ಬಿಡುವಿನಲ್ಲಿ ನಡೆದದ್ದು.

2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ಜಾವಾ ಲೈಬ್ರರಿಯ ಗಂಭೀರ ದೋಷ ಹೊರಬಿದ್ದಾಗ ಎಲ್ಲ ಕಂಪನಿಗಳೂ ತಮ್ಮಲ್ಲಿ ಏನೇನಿದೆ ಎಂದು ಹುಡುಕಾಡಿದವು. ಮುಂದಿನ ತಿಂಗಳು ಸ್ಟೆನ್‌ಬರ್ಗ್ ಅವರಿಗೆ ದೊಡ್ಡ ಕಂಪನಿಯೊಂದರಿಂದ ಪತ್ರ ಬಂತು. ನಿಮ್ಮ ಉತ್ಪನ್ನದಲ್ಲಿ ಈ ದೋಷವಿದೆಯೇ, 24 ಗಂಟೆಯೊಳಗೆ ಉತ್ತರಿಸಿ ಎಂದು ಅದರಲ್ಲಿ ಕೇಳಲಾಗಿತ್ತು. ಕರ್ಲ್ ಸಿ ಭಾಷೆಯಲ್ಲಿ ಬರೆದದ್ದು, ಜಾವಾಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ಕಂಪನಿಯೊಂದಿಗೆ ಅವರಿಗೆ ಯಾವ ಒಪ್ಪಂದವೂ ಇರಲಿಲ್ಲ, ಅದರಿಂದ ಬಿಡಿಗಾಸೂ ಬಂದಿರಲಿಲ್ಲ. ಈ ಪತ್ರದ ವಿಷಯ ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ. ತಾವು ಬಳಸುತ್ತಿರುವುದು ಏನು, ಅದು ಯಾವ ಭಾಷೆಯಲ್ಲಿದೆ, ಯಾರು ಬರೆದದ್ದು ಎಂದು ನೋಡುವ ಅರ್ಧ ಗಂಟೆಯ ಶ್ರಮವನ್ನೂ ಪಡದೆ, ಪುಕ್ಕಟೆ ಕೊಟ್ಟವರಿಗೇ ಗಡುವು ವಿಧಿಸುವ ಧೋರಣೆ ಅದು.

2023ರ ಆಗಸ್ಟ್‌ನಲ್ಲಿ ಇನ್ನೊಂದು ನಡೆಯಿತು. ಮರುಪ್ರಯತ್ನದ ವಿಳಂಬಕ್ಕೆ ಸಂಬಂಧಿಸಿದ, 2019ರಲ್ಲೇ ಸರಿಪಡಿಸಿದ್ದ ಒಂದು ಸಾಮಾನ್ಯ ತಪ್ಪನ್ನು ಯಾರೋ ಭದ್ರತಾ ದೋಷವೆಂದು ದಾಖಲಿಸಿದರು. ದೋಷಗಳ ಸಾರ್ವಜನಿಕ ದತ್ತಾಂಶದಲ್ಲಿ ಅದಕ್ಕೆ 10ಕ್ಕೆ 9.8 ತೀವ್ರತೆ ಕೊಡಲಾಯಿತು. ಕರ್ಲ್ ತಂಡವನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ತಂಡ ಆಕ್ಷೇಪಿಸಿದ ಮೇಲೆ ಅಂಕ ಇಳಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಿಜವಾದ ಗಂಭೀರ ದೋಷವೊಂದು, ನಡುವೆ ನಿಂತು ಸಂಪರ್ಕ ದಾಟಿಸುವ ಸಾಕ್ಸ್5 ಪ್ರಾಕ್ಸಿಗೆ ತೀರ ಉದ್ದದ ಹೆಸರು ಕೊಟ್ಟಾಗ ಮೆಮೊರಿಯ ಮೇರೆ ಮೀರುವಂಥದು, ಸಿಕ್ಕಾಗ ತಂಡ ನಡೆದುಕೊಂಡ ರೀತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬಿಡುಗಡೆಯ ದಿನವನ್ನು ಮುಂಚೆಯೇ ಸಾರಿ, 11ರಂದು 8.4.0 ಆವೃತ್ತಿಯಲ್ಲಿ ಸರಿಪಡಿಸಿ, ಆ ತಪ್ಪು ತನ್ನ ಕೈಯಿಂದ ಹೇಗೆ ನುಸುಳಿತು ಎಂದು ಸ್ಟೆನ್‌ಬರ್ಗ್ ಅದೇ ದಿನ ವಿವರವಾಗಿ ಬರೆದರು. ನಾನು ದುಡ್ಡು ಕೊಟ್ಟು ಬಳಸುವ ಸೇವೆಗಳಿಂದ ಇಷ್ಟು ಪ್ರಾಮಾಣಿಕವಾದ ವಿವರಣೆ ನನಗೆ ಸಿಕ್ಕಿದ್ದು ತೀರ ಅಪರೂಪ. ಇತ್ತೀಚಿನ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆಯಿಂದ ಬರೆಸಿದ, ಇಲ್ಲದ ದೋಷಗಳನ್ನು ವರ್ಣಿಸುವ ವರದಿಗಳು ಆ ಸಣ್ಣ ತಂಡದ ಮೇಲೆ ಸುರಿದು, 2019ರಿಂದ ನಡೆಸುತ್ತಿದ್ದ ದೋಷಶೋಧನೆಯ ಬಹುಮಾನ ಯೋಜನೆಯನ್ನು 2026ರ ಜನವರಿಯ ಕೊನೆಗೆ ನಿಲ್ಲಿಸುವಂತಾಯಿತು.

ಕೊಳ್ಳುವ ವಸ್ತುವಾಗಿದ್ದರೆ ಕೊಳ್ಳಿ ಎನ್ನುತ್ತಿದ್ದೆ. ಇದು ಈಗಾಗಲೇ ನಿಮ್ಮ ಕಂಪ್ಯೂಟರ್‌ನಲ್ಲಿ ಇರುವ ಸಂಭವ ಹೆಚ್ಚಾದ್ದರಿಂದ, ಆವೃತ್ತಿ ಹಳೆಯದಾಗಿದ್ದರೆ ಹೊಸದು ಮಾಡಿಕೊಳ್ಳಿ, ವರ್ಬೋಸ್, ರೈಟ್‌ಔಟ್, ರಿಸಾಲ್ವ್, ಫೇಲ್ ಈ ನಾಲ್ಕನ್ನು ಮೊದಲು ಕಲಿಯಿರಿ. ನಿಮ್ಮ ಕಂಪನಿಯ ಉತ್ಪನ್ನದೊಳಗೆ ಲಿಬ್‌ಕರ್ಲ್ ಇದ್ದರೆ, ಯೋಜನೆಗೆ ನೆರವು ಕೊಡುವ ವಿಷಯವನ್ನು ಮುಂದಿನ ಬಜೆಟ್ ಸಭೆಯಲ್ಲಿ ಎತ್ತಿ. ನಾನು ಎತ್ತಿದ್ದೆ. ಎರಡನೆಯ ವರ್ಷಕ್ಕೆ ಒಪ್ಪಿಗೆ ಸಿಕ್ಕಿತು.

ಸರ್ಟಿಫಿಕೇಟ್ ಮುಗಿದ ಆ ಪ್ರಕರಣದ ನಂತರ ನಾನೊಂದು ಸಣ್ಣ ಸ್ಕ್ರಿಪ್ಟ್ ಬರೆದಿಟ್ಟಿದ್ದೇನೆ. ಅದು ದಿನವೂ ಬೆಳಗ್ಗೆ ಆ ನಾಲ್ಕೂ ವಿಳಾಸಗಳಿಗೆ ಕರ್ಲ್ ಓಡಿಸಿ, ಸರ್ಟಿಫಿಕೇಟ್‌ಗಳ ಅವಧಿ ಓದಿ, ಎರಡು ವಾರಕ್ಕಿಂತ ಕಡಿಮೆ ಉಳಿದಿದ್ದರೆ ನನಗೆ ತಿಳಿಸುತ್ತದೆ. ಕಳೆದ ವಾರ ಎರಡನೆಯ ವಿಳಾಸದ್ದು ಮುಗಿಯುತ್ತ ಬಂದಿದೆ ಎಂದು ತಿಳಿಸಿತು. ಫಲಿತಾಂಶದ ಸಾಲುಗಳನ್ನು ಸೇರಿಸಿ ಆ ಸಂಸ್ಥೆಗೆ ಅಂದೇ ಬರೆದಿದ್ದೇನೆ. ಉತ್ತರ ಬಂದಿಲ್ಲ, ಇನ್ನು ಎಂಟು ದಿನ ಉಳಿದಿದೆ.